ಎಡಬದಿಯ ಚಿಕ್ಕ ಗಾಜು ಕೊನೆಗೂ ಬಂದುಬಿಟ್ಟ ಬಗ್ಗೆ

ನನ್ನ ಕಾರನ್ನು ತಯಾರಿಸಿದ ಕಂಪನಿಯಲ್ಲಿ ಹಿಂಬದಿಯ ಚಿಕ್ಕ ಗಾಜುಗಳ ವಿಭಾಗವೊಂದು ಇದ್ದರೆ ಅದರ ಮುಖ್ಯಸ್ಥರಿಗೆ. ಇಲ್ಲದಿದ್ದರೆ, ಅದು ಇಲ್ಲದಿರುವುದಕ್ಕೆ ಜವಾಬ್ದಾರರಾದ ಮಹನೀಯರಿಗೆ.

ಮಾನ್ಯರೇ,

ಬಸವಕಲ್ಯಾಣದಿಂದ ವಿಶಾಖಾ ಎಂಬ ತಮ್ಮ ಗ್ರಾಹಕಿ ಮಾಡುವ ನಮಸ್ಕಾರಗಳು. ತಾವೂ ತಮ್ಮ ಕುಟುಂಬದವರೂ ಕ್ಷೇಮವೆಂದು, ತಮ್ಮ ಸ್ವಂತ ಕಾರಿನ ಗಾಜುಗಳೆಲ್ಲ ಸುಸ್ಥಿತಿಯಲ್ಲಿವೆ ಎಂದು ನಂಬಿ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ತಮ್ಮ ಅಮೂಲ್ಯ ಸಮಯ ವ್ಯರ್ಥವಾಗದಿರಲೆಂದು ದೂರನ್ನು ಮೊದಲೇ ಹೇಳಿಬಿಡುತ್ತೇನೆ. ತಾವು ಕಳಿಸಬೇಕಿದ್ದ ಗಾಜು ಬರಲಿಲ್ಲ ಎಂಬುದು ನನ್ನ ದೂರಲ್ಲ. ಅದು ಬಂದುಬಿಟ್ಟಿತು ಎಂಬುದು ನನ್ನ ದೂರು.

ಇದೇ ವಿಷಯವಾಗಿ ನಾನು ಈ ಹಿಂದೆ ತಮಗೆ ಇಂಗ್ಲಿಷಿನಲ್ಲಿ ಬರೆದಿದ್ದೆ. ನಾನು ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಆ ಭಾಷೆಯಲ್ಲಿ ನಮಗೆ ರಜೆ ಕೇಳುವುದನ್ನು, ಕ್ಷಮೆ ಬೇಡುವುದನ್ನು, ಹಸುವಿನ ಬಗ್ಗೆ ಪ್ರಬಂಧ ಬರೆಯುವುದನ್ನು ಚೆನ್ನಾಗಿ ಕಲಿಸಿದರು, ಸಿಟ್ಟಾಗುವುದನ್ನು ಕಲಿಸಲಿಲ್ಲ. ನನ್ನ ಜೀವಮಾನದ ಅತ್ಯಂತ ಕಟುವಾದ ಆ ಪತ್ರಕ್ಕೆ ತಮ್ಮ ಕಚೇರಿಯಿಂದ, ತಾವಾಡಿದ ಒಳ್ಳೆಯ ಮಾತುಗಳಿಗೆ ಆಭಾರಿಗಳಾಗಿದ್ದೇವೆ ಎಂದು ಉತ್ತರ ಬಂದಿತು. ನನ್ನ ಪತ್ರವನ್ನು ನಾನೇ ಮತ್ತೊಮ್ಮೆ ಓದಿದೆ. ತಪ್ಪು ತಮ್ಮ ಕಚೇರಿಯದಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಆದ್ದರಿಂದ ಈ ಸಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಲ್ಲಿಯೂ ನಾನು ಸೌಮ್ಯಳಾಗಿ ಕಂಡರೆ ಅದನ್ನು ಅಭ್ಯಾಸಬಲವೆಂದು ತಿಳಿಯಬೇಕು.

ಗಾಜಿನ ಪರಿಚಯ ತಮಗೆ ಬೇಕಿಲ್ಲವಾದರೂ ಈ ಪತ್ರವನ್ನು ಓದುವ ಉಳಿದವರಿಗೆ ಬೇಕಾದೀತು. ಹಿಂದಿನ ಬಾಗಿಲು ಮುಗಿದ ಮೇಲೆ, ಡಿಕ್ಕಿ ಶುರುವಾಗುವ ಮೊದಲು, ಕಾರಿನ ಮೈಗೇ ಅಂಟಿಕೊಂಡಿರುವ ಮೂರು ಮೂಲೆಯ ಚಿಕ್ಕ ಗಾಜು ಅದು. ಇಳಿಯುವುದಿಲ್ಲ, ಏರುವುದಿಲ್ಲ, ತೆರೆಯುವುದಿಲ್ಲ. ಕಾರು ಕೊಂಡು ಮೂರು ವರ್ಷವಾದರೂ ಅದನ್ನು ಒರೆಸಬೇಕೆಂದು ನನಗೆ ಹೊಳೆದಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಮೂಲೆಯ ಮೇಜಿನ ಹಿಂದೆ ಕೂತಿರುವ ಒಬ್ಬರಿರುತ್ತಾರಲ್ಲ, ಅವರ ಕೆಲಸವೇನೆಂದು ಯಾರಿಗೂ ಗೊತ್ತಿಲ್ಲದಿದ್ದರೂ ಅವರು ರಜೆ ಹಾಕಿದ ದಿನ ಇಡೀ ಕಚೇರಿ ನಿಂತುಹೋಗುತ್ತದೆ. ತಮ್ಮ ಗಾಜು ಆ ಜಾತಿಯದು.

ನಮ್ಮ ಮನೆಯಲ್ಲಿ ಕಾರು ಭಾನುವಾರದ ವಾಹನ. ವಾರದ ಉಳಿದ ದಿನ ನಾನು ಹುಮನಾಬಾದಿನ ಮಾತ್ರೆ ತಯಾರಿಸುವ ಕಾರ್ಖಾನೆಗೆ ಅವರದೇ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಭಾನುವಾರ ನನ್ನ ಅತ್ತೆ ಸುಮನಬಾಯಿಯವರನ್ನು ದುಬಲಗುಂಡಿಯಲ್ಲಿರುವ ಅವರ ಅಕ್ಕ ಭೀಮಬಾಯಿಯವರ ಮನೆಗೆ ಕರೆದೊಯ್ಯುತ್ತೇನೆ. ಮದುವೆಯಾಗಿ ಬೇರೆ ಬೇರೆ ಊರು ಸೇರಿದ ಮೇಲೆ ಈ ಅಕ್ಕತಂಗಿಯರು ವರ್ಷಕ್ಕೊಮ್ಮೆ, ಯಾರದಾದರೂ ಮದುವೆಯಲ್ಲೋ ಮಣ್ಣಿನಲ್ಲೋ, ನೂರು ಜನರ ನಡುವೆ ಮುಖ ನೋಡಿಕೊಂಡವರು. ಬಸ್ಸಿನ ಮೆಟ್ಟಿಲು ಈಗ ಅತ್ತೆಯವರ ಮೊಣಕಾಲಿಗೆ ಒಗ್ಗುವುದಿಲ್ಲ. ನಾನು ಕಾರು ಕಲಿತ ಮೇಲೆ ಭಾನುವಾರಗಳು ಇಬ್ಬರಿಗೂ ಸಿಕ್ಕವು. ಅಲ್ಲಿ ಅವರೇನೂ ಮಹತ್ವದ್ದನ್ನು ಮಾಡುವುದಿಲ್ಲ. ಜೋಳ ಹಸನು ಮಾಡುತ್ತ, ತಮ್ಮ ತವರಿನ ಕರಿ ಎಮ್ಮೆ ಹಿಂಡುವಾಗ ಒದೆಸಿಕೊಂಡವರು ಇವರೋ ಅವರೋ ಎಂದು ಜಗಳವಾಡುತ್ತಾರೆ. ಈ ಜಗಳ ವಾರಕ್ಕೊಮ್ಮೆ ನಡೆಯುವುದು ಇಬ್ಬರ ಆರೋಗ್ಯಕ್ಕೂ ಎಷ್ಟು ಅಗತ್ಯವೆಂದು ತಮಗೆ ವಿವರಿಸಬೇಕಾಗಿಲ್ಲ. ತಮಗೂ ಒಬ್ಬ ಅಕ್ಕ ಇದ್ದಾರು.

ಹೋದ ಬೇಸಿಗೆಯ ಒಂದು ಭಾನುವಾರ, ಮಟಮಟ ಮಧ್ಯಾಹ್ನ, ದಾರಿಯಲ್ಲಿ ಸಿಗುವ ಹುಮನಾಬಾದಿನ ಬಸ್ ನಿಲ್ದಾಣದ ಎದುರು ಕಾರು ನಿಲ್ಲಿಸಿ, ಭೀಮಬಾಯಿಯವರಿಗೆ ಬಾಳೆಹಣ್ಣು ಕೊಳ್ಳಲು ಕೈಯಲ್ಲಿ ಚಿಲ್ಲರೆ ಹಿಡಿದು ಇಳಿದೆ. ಕೀಲಿಯನ್ನು ಪರ್ಸಿನೊಳಗೆ ಹಾಕಿ, ಪರ್ಸನ್ನು ಹಿಂದಿನ ಸೀಟಿನಲ್ಲಿದ್ದ ಅತ್ತೆಯವರ ಪಕ್ಕದಲ್ಲಿಟ್ಟೆ. ಅತ್ತೆಯವರು ಬಸ್ಸಿನಲ್ಲಿ ಓಡಾಡಿ ಬೆಳೆದವರು. ಬಸ್ ನಿಲ್ದಾಣ ಕಂಡ ಕೂಡಲೇ ಹೆಣ್ಣುಮಕ್ಕಳು ಏನು ಮಾಡಬೇಕೋ ಅದನ್ನೇ ಮಾಡಿದರು: ಪರ್ಸನ್ನು ತೊಡೆಯ ಕೆಳಗೆ ಒತ್ತಿ, ಅದರ ಮೇಲೆ ಭದ್ರವಾಗಿ ಕೂತರು. ತಮ್ಮ ಕಂಪನಿಯ ಕೀಲಿಯ ಗುಂಡಿ ಎಷ್ಟು ಸೂಕ್ಷ್ಮವೆಂದು ನಾನು ಇಲ್ಲಿ ಮನಸಾರೆ ಹೊಗಳಬೇಕು. ಎರಡು ಪದರ ರೆಗ್ಜಿನ್ನು, ಒಂಬತ್ತು ಗಜದ ಸೀರೆಯ ನಿರಿಗೆ, ಇಷ್ಟನ್ನು ದಾಟಿ ಅದು ಆಜ್ಞೆಯನ್ನು ಗ್ರಹಿಸಿತು. ನಾಲ್ಕೂ ಬಾಗಿಲಿಗೆ ಟಕ್ಕೆಂದು ಬೀಗ ಬಿತ್ತು. ಅದೇ ಕೀಲಿಯಲ್ಲಿ ತೆರೆಯುವ ಗುಂಡಿಯೂ ಇದೆ. ಅದರ ಮೇಲೆ ಕೂರುವ ಯೋಗ ನಮಗೆ ಬರಲಿಲ್ಲ.

ನಾನು ಕಿಟಕಿಯ ಹೊರಗೆ ನಿಂತು ಪರ್ಸಿನ ಕಡೆ ಕೈ ತೋರಿಸಿದೆ. ಅತ್ತೆಯವರು ತಲೆಯಾಡಿಸಿ, ಭದ್ರವಾಗಿದೆ ಎಂಬ ಅರ್ಥದಲ್ಲಿ ಇನ್ನೂ ಬಿಗಿಯಾಗಿ ಒತ್ತಿದರು. ಕಾರಿನ ದೀಪಗಳು ಮಿನುಗಿ ಬೀಗ ಮತ್ತೊಮ್ಮೆ ಬಿತ್ತು. ನಾನು ಎರಡೂ ಕೈ ಎತ್ತಿ ಏಳಿ ಎಂದೆ. ಅವರು ನಕ್ಕು, ಅವರೂ ಕೈ ಎತ್ತಿ ಮುಗಿದರು. ಅವರಿಗೆ ಕಿವಿ ಸ್ವಲ್ಪ ಮಂದ; ಬಸ್ಸುಗಳ ಹಾರ್ನು ಬೇರೆ. ಒಂದು ಸಲ ಹೆದ್ದಾರಿಯ ಕಡೆಗೆ ಬಾಗಿಲು ತೆರೆದಿದ್ದರೆಂದು ಹಿಂದಿನ ಬಾಗಿಲುಗಳಿಗೆ ಮಕ್ಕಳ ಬೀಗ ಹಾಕಿಸಿದವಳೂ, ಕಾರಿನಲ್ಲಿ ಏನನ್ನೂ ಮುಟ್ಟಬೇಡಿ ಎಂದು ವಿಧಿಸಿದವಳೂ ನಾನೇ. ಅವರು ಆ ಮಾತನ್ನು ವ್ರತದಂತೆ ಪಾಲಿಸುತ್ತಿದ್ದರು.

ಅಷ್ಟರಲ್ಲಿ ಜನ ಸೇರಿದರು. ನಮ್ಮ ಕಡೆ ಜನ ಬೇಗ ಸೇರುತ್ತಾರೆ, ಮತ್ತು ಸೇರಿದವರಾರೂ ಸುಮ್ಮನೆ ನಿಲ್ಲುವುದಿಲ್ಲ. "ಆಯಿ, ಮುಂದಿನ ಸೀಟಿನ ಕಡಿ ಬಗ್ಗಿ ಗುಂಡಿ ಮ್ಯಾಲ ಎತ್ರಿ" ಎಂದು ಒಬ್ಬರು. "ಆಯಿಗೆ ಕೇಳಸಂಗಿಲ್ಲ, ಜೋರ ಒದರ್ರಿ" ಎಂದು ಇನ್ನೊಬ್ಬರು. "ಇಂವ ಒದರಿದ್ರ ಬೀದರದಾಗಿನ ಮಂದಿ ಬಾಗಿಲಾ ತಗೀತಾರ, ಆಯಿ ತಗಿಯಂಗಿಲ್ಲ" ಎಂದು ಹಣ್ಣಿನ ಗಾಡಿಯವಳು. ಒಳಗೆ ಅತ್ತೆಯವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಎಲ್ಲರಿಗೂ ಸರದಿಯಂತೆ ನಗುತ್ತ, ಬೆವರುತ್ತಿದ್ದರು. ಆ ಬಿಸಿಲು ತಮ್ಮ ಕಚೇರಿಯ ಕಡೆ ಹೇಗಿರುತ್ತದೋ ಗೊತ್ತಿಲ್ಲ. ನಮ್ಮಲ್ಲಿ ಕಾರಿನ ಬಾನೆಟ್ಟಿನ ಮೇಲೆ ಕೈ ಇಡುವಂತಿರಲಿಲ್ಲ.

ಆಗ ನೇತೃತ್ವ ವಹಿಸಿದವರು ಬಸವಣಪ್ಪನವರು, ಧಾನ್ಯದ ಮಾರುಕಟ್ಟೆಯಲ್ಲಿ ಅಡತಿ ಅಂಗಡಿ ಇಟ್ಟವರು. ಒಬ್ಬ ಆಗಲೇ ಕಲ್ಲೆತ್ತಿಕೊಂಡು ಮುಂದಿನ ಬಾಗಿಲಿನ ಗಾಜಿನ ಕಡೆ ಹೋಗಿದ್ದ. ಬಸವಣಪ್ಪನವರು ಅವನ ಕೈ ಹಿಡಿದರು. "ಅಷ್ಟ ದೊಡ್ಡ ಕಾಚ್ ಒಡದ್ರ ಅಕ್ಕಾರಿಗೆ ಲುಕ್ಸಾನ್ ಆಗತೈತಿ. ತಿಳುವಳಿಕಿ ಇಲ್ಲೇನು ನಿನಗ? ಎಲ್ಲಾಕಿಂತ ಸಣ್ಣದ್ಯಾವುದೈತಿ ನೋಡು. ಸಣ್ಣದು ಸಣ್ಣದ್ರಾಗ ಹೋಗತೈತಿ." ಗುಂಪು ಹೌದೌದೆಂದಿತು. ಚಿಕ್ಕ ರಾಶಿಗೆ ಚಿಕ್ಕ ಬೆಲೆ ಎಂಬುದನ್ನು ಆಯುಷ್ಯವಿಡೀ ಕಂಡವರ ಮಾತು. ವಿಜ್ಞಾನ ಓದಿದ ನಾನೂ ಹೌದೆಂದೆ. ಅಷ್ಟೇ ಅಲ್ಲ, ಅಪರಿಚಿತಳ ನಷ್ಟದ ಬಗ್ಗೆ ಇಷ್ಟು ಕಾಳಜಿಯೇ ಎಂದು ಕಣ್ಣು ತುಂಬಿಕೊಂಡೆ. ಅವರು ಅತ್ತೆಯವರಿಗೆ ಆಚೆ ಸರಿಯಲು ಕೈಸನ್ನೆ ಮಾಡಿ (ಅವರು ಪರ್ಸಿನ ಸಮೇತ ಸರಿದರು), ಚಿಕ್ಕ ಗಾಜಿನ ಮೇಲೆ ಒದ್ದೆ ಟವಲು ಹೊದಿಸಿ, ಹಣ್ಣಿನವಳ ತಕ್ಕಡಿಯ ತೂಕದ ಬಟ್ಟಿನಿಂದ ಕುಟ್ಟಿದರು. ಗಾಜು ಸಕ್ಕರೆಯ ಹಾಗೆ ಉದುರಿತು.

ನಾನು ಆ ಕಿಂಡಿಗೆ ಬಾಯಿಟ್ಟು, "ಅತ್ತಿ, ಮುಂದ ಬಗ್ಗಿ ನನ್ನ ಬಾಗಿಲದ ಗುಂಡಿ ಎತ್ರಿ" ಎಂದೆ. ಅತ್ತೆಯವರು ಬಗ್ಗಿದರು, ಎತ್ತಿದರು, ಬಾಗಿಲು ತೆರೆಯಿತು. ನಂತರ ಗಾಜಿನ ಚೂರುಗಳನ್ನು ನೋಡಿ ಕೇಳಿದರು: "ಇಷ್ಟ ಹೇಳಾಕ ಕಾಚ್ ಯಾಕ ಒಡದ್ರಿ?"

ಮಾನ್ಯರೇ, ಇಲ್ಲಿಂದ ಮುಂದೆ ಕಥೆ ತಮ್ಮದು.

ಹುಮನಾಬಾದಿನಲ್ಲಿ ಗಾಡಿಗಳಿಗೆ ಗಾಜು ಕೂರಿಸುವ ಅಜೀಮುದ್ದೀನ್ ಎಂಬುವರು ಬಸವಣಪ್ಪನವರ ಸಿದ್ಧಾಂತವನ್ನು ಒಂದೇ ಉಸಿರಿಗೆ ಬೀಳಿಸಿದರು. "ಬಡಾ ಕಾಚ್ ಒಡದಿದ್ರ, ನೀವು ಚಾ ಕುಡಿಯೋದ್ರಾಗ ಹಾಕಿ ಕಳಸ್ತಿದ್ದೆ ಮೇಡಂ. ಈ ಛೋಟಾ ಯಾರೂ ಒಡಿಯಂಗಿಲ್ಲ, ಅದಕ್ಕ ಯಾರೂ ಇಡಂಗಿಲ್ಲ. ಕಂಪನಿಯಿಂದನ ಬರಬೇಕು. ದೊಡ್ಡದಕ್ಕಿಂತ ತುಟ್ಟಿನೂ ಅದ." ಆದರೂ ನಿರಾಶೆಗೊಳಿಸಬಾರದೆಂದು ಬೇರೊಂದು ಕಾರಿನ ಗಾಜು ತಂದು ಹಿಡಿದು ನೋಡಿದರು. "ಉನ್ನೀಸ್-ಬೀಸ್ ಫರಕ್ ಐತಿ, ನಡೀತದ" ಎಂದರು. ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ನಡುವೆ ನನ್ನ ಅಂಗೈ ಸಲೀಸಾಗಿ ಹೋಗಿ ಬರುತ್ತಿತ್ತು. ಕೊನೆಗೆ ಅಂಗಡಿಯಲ್ಲಿದ್ದ ಹಳೆಯ ಫ್ಲೆಕ್ಸ್ ಬ್ಯಾನರೊಂದನ್ನು ಕತ್ತರಿಸಿ ಕಿಂಡಿಗೆ ಅಂಟಿಸಿಕೊಟ್ಟರು. ಅದು ಯಾರೋ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸು. ನಮ್ಮ ಪಾಲಿಗೆ ಅವರ ಒಂದು ಕಣ್ಣು ಮತ್ತು ಅರ್ಧ ಮೀಸೆ ಬಂದಿತ್ತು. ಮಾರನೆಯ ವಾರದಿಂದ ರಸ್ತೆಯಲ್ಲಿ ಕೆಲವರು ನಮ್ಮ ಕಾರಿಗೆ ನಮಸ್ಕರಿಸತೊಡಗಿದರು. ಮೀಸೆಯನ್ನಷ್ಟೇ ನೋಡಿ ಪಕ್ಷ ಗುರುತಿಸುವ ಶಕ್ತಿ ನಮ್ಮ ಜನಕ್ಕಿದೆ.

ತಮ್ಮ ಸಹಾಯವಾಣಿಯ ಪೂನಮ ಎಂಬುವರ ತಾಳ್ಮೆಯನ್ನು ನಾನು ಕಾರ್ಖಾನೆಯಲ್ಲಿ ಉದಾಹರಣೆಯಾಗಿ ಕೊಡುತ್ತಿರುತ್ತೇನೆ. ಗಾಜು ಒಡೆದ ಕಾರಣ ಕೇಳಿದರು: ಅಪಘಾತವೇ, ಕಳ್ಳತನವೇ, ಗಲಭೆಯೇ, ನೈಸರ್ಗಿಕ ವಿಕೋಪವೇ. ದಯೆ, ಎಂದೆ. ಅದು ತಮ್ಮ ಕಂಪ್ಯೂಟರಿನಲ್ಲಿ ಇಲ್ಲವೆಂದರು. ಒಂದು ಪೇಟೆಯ ಜನ ನನ್ನ ಒಳಿತನ್ನೇ ಬಯಸಿ, ಚರ್ಚಿಸಿ, ಒಮ್ಮತದಿಂದ ಒಡೆದದ್ದೆಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ನೈಸರ್ಗಿಕ ವಿಕೋಪ ಎಂದು ಬರೆದುಕೊಂಡರು. ಅದು ಪೂರ್ತಿ ತಪ್ಪೆಂದು ನನಗೂ ಅನಿಸಲಿಲ್ಲ.

ಮಳೆಗಾಲ ಬಂದ ಮೇಲೆ ತಮ್ಮ ಗಾಜೂ ಬಂದಿತು. ಬಲಬದಿಯದು. ನಮ್ಮ ಬಲಬದಿಯ ಗಾಜು ಅಖಂಡವಾಗಿತ್ತು. ಪೂನಮ ಅವರಿಗೆ ಹೇಳಿದಾಗ, ಎಡಬಲವೆಂಬುದು ನೋಡುವವರು ಮುಂದೆ ನಿಂತಿದ್ದಾರೋ ಹಿಂದೆ ನಿಂತಿದ್ದಾರೋ ಎಂಬುದನ್ನು ಅವಲಂಬಿಸಿದೆ ಎಂದರು. ನಾನು ಎರಡೂ ಕಡೆ ನಿಂತು ನೋಡಿದೆ. ನನ್ನನ್ನೇ ಸಂದೇಹಿಸುವುದು ನನ್ನ ಸ್ವಭಾವ. ಆದರೂ ಗಾಜು ಕೂರಲಿಲ್ಲ. ಭಾನುವಾರ ಈ ಸಂಗತಿ ಕೇಳಿದ ಬಸವಣಪ್ಪನವರು, ತಮ್ಮಿಂದಾದ ತಪ್ಪೆಂದು ಬಹಳ ನೊಂದು, ಪರಿಹಾರವನ್ನೂ ಸೂಚಿಸಿದರು: "ಆ ಕಡೀದೂ ಒಡದುಬಿಡೂನ ಅಕ್ಕಾರ. ಬಂದದ್ದು ವ್ಯರ್ಥ ಆಗಬಾರದು." ಅವರು ಆಗಲೇ ಹಣ್ಣಿನವಳ ತಕ್ಕಡಿಯ ಕಡೆ ನೋಡುತ್ತಿದ್ದರು.

ಇಷ್ಟಾದರೂ ಭಾನುವಾರಗಳು ನಿಲ್ಲಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು. ನನ್ನ ಪತಿ ದಿಗಂಬರ ಅವರು, "ಕಾಚ್ ಬರೂತನ ಗಾಡಿ ಹೊರಗ ತಗೀಬ್ಯಾಡ, ಅವ್ವಗ ಗಾಳಿ ಬಡೀತೈತಿ" ಎಂದಿದ್ದರು. ಅತ್ತೆಯವರು, "ಗಾಳಿ ಬಡದು ಯಾರೂ ಸತ್ತಿಲ್ಲೋ. ಗಾಳಿ ಇಲ್ಲದನ ಸಾಯ್ತಾರ" ಎಂದು ಹೇಳಿ ಬಂದು ಅದೇ ಕಿಂಡಿಯ ಪಕ್ಕ ಕೂತರು. ಫ್ಲೆಕ್ಸಿನ ಒಂದು ಮೂಲೆ ಬಿಡಿಸಿ, ಬೇಕಾದಾಗ ಪುಢಾರಿಯ ಕಣ್ಣನ್ನು ಮಡಚಿ ಹೊರಗೆ ಮಾತನಾಡುವ ಪದ್ಧತಿ ಮಾಡಿಕೊಂಡರು. ಕಾರು ನಿಂತಲ್ಲೆಲ್ಲ ಅಲ್ಲಿಂದಲೇ ಯೋಗಕ್ಷೇಮ ವಿಚಾರಿಸಿದರು, ಹೆಣ್ಣು ಗಂಡು ಕೂಡಿಸಿದರು, ಸೊಪ್ಪಿನ ಕಟ್ಟು ಒಳಗೆ ತೆಗೆದುಕೊಂಡರು. ಅವರಿಗೆ ಹರಟೆಯ ಹುಚ್ಚು ಎಂದುಕೊಂಡು ನಾನು ಒಳಗೊಳಗೇ ನಗುತ್ತಿದ್ದೆ.

ಹೀಗಿರುವಾಗ, ಯಾವ ಮುನ್ಸೂಚನೆಯೂ ಇಲ್ಲದೆ, ತಾವು ಸರಿಯಾದ ಗಾಜನ್ನು ಕಳಿಸಿಬಿಟ್ಟಿರಿ. ಅಜೀಮುದ್ದೀನರು ಅದನ್ನು ಅಂಟಿಸಿದರು. ಸೂಜಿ ಹೋಗುವಷ್ಟೂ ಸಂದಿಲ್ಲ. ಅದರ ಕುಶಲತೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ.

ಆ ಭಾನುವಾರ ಅತ್ತೆಯವರು ಹೊಸ ಸೀರೆಯುಟ್ಟು ಕಾರಿನ ತನಕ ಬಂದು ನಿಂತರು. ಗಾಜಿನ ಮೇಲೆ ಅಂಗೈ ಆಡಿಸಿದರು. "ಬಂದದ್ದು ಚೊಲೊ ಆತು. ನಾ ಬರಂಗಿಲ್ಲ" ಎಂದು ಒಳಗೆ ಹೋದರು. ನಾನು ಹಿಂದೆಯೇ ಹೋಗಿ ಕಾರಣ ಕೇಳಿದೆ. "ಹೊರಗ ಒದರಿದ್ದು ಒಳಗ ಕೇಳಬೇಕು, ಒಳಗ ಒದರಿದ್ದು ಹೊರಗ ಕೇಳಬೇಕು. ಇಲ್ಲಂದ್ರ ಅದು ಗಾಡಿ ಅಲ್ಲವ್ವಾ, ಕಪಾಟು" ಎಂದರು. ನಂತರ ಸೆರಗಿನ ತುದಿಯನ್ನು ತಿರುವುತ್ತ, "ಅವತ್ತ ನೀ ಹೊರಗ ಬಾಯಿ ತಗದು ಮುಚ್ಚಾಕತ್ತಿದ್ದಿ. ಏನೂ ಕೇಳಸವಲ್ದು. ನೀ ಅಂಜಬಾರದು ಅಂತ ನಾ ನಗಾಕತ್ತಿದ್ದೆ. ನನ್ನ ಜೀವ ಹಾರಿತ್ತು" ಎಂದರು.

ಮಾನ್ಯರೇ, ಅವರು ಅಂದು ಆರಾಮವಾಗಿ ಕೂತಿದ್ದರೆಂದು ನಾನು ಇಷ್ಟು ತಿಂಗಳು ಎಲ್ಲರಿಗೂ ನಗಿಸಿ ನಗಿಸಿ ಹೇಳಿದ್ದೆ. ಈ ಪತ್ರದಲ್ಲಿಯೂ, ಸ್ವಲ್ಪ ಮೇಲೆ, ಹಾಗೆಯೇ ಬರೆದಿದ್ದೇನೆ. ಅಳಿಸಲಿಲ್ಲ, ಹೊರಗಿನಿಂದ ಗಾಜಿನೊಳಗೆ ನೋಡಿದರೆ ಹಾಗೇ ಕಾಣುತ್ತದೆ ಎಂಬುದಕ್ಕೆ ಇರಲಿ.

ಹೀಗೆ, ತಮ್ಮ ಗಾಜು ಬಾರದಿದ್ದಾಗ ನಡೆದ ಭಾನುವಾರಗಳು ತಮ್ಮ ಗಾಜು ಬಂದಾಗ ನಿಂತವು. ದುಬಲಗುಂಡಿಯಿಂದ ಭೀಮಬಾಯಿಯವರು ನನಗೇ ಫೋನು ಮಾಡಿ, "ಕಾಚ್ ಬಂದ ಮ್ಯಾಲ ದೊಡ್ಡ ಮಂದಿ ಆಗೀರೇನವಾ? ಎಮ್ಮಿ ಒದ್ದದ್ದು ನನಗ ಅಂತ ಆಕಿ ಒಪ್ಪಿಕೊಂಡ್ಲಂತ ತಿಳೀಲೇನು?" ಎಂದು ಕೇಳಿದರು. ನಾನು ಮಕ್ಕಳ ಬೀಗ ತೆಗೆಸಿದೆ. ಅಂಗಳದಲ್ಲಿ ಅತ್ತೆಯವರನ್ನು ಕಾರಿನೊಳಗೆ ಕೂರಿಸಿ, ಬಾಗಿಲು ಹಾಕಿಕೊಂಡು ತೆಗೆಯುವುದನ್ನು ಕಲಿಸಿದೆ. ಅಕ್ಕಪಕ್ಕದವರು ನೋಡಲು ನಿಂತರು. ಅತ್ತೆಯವರು ಒಂದೇ ಸಲಕ್ಕೆ ಕಲಿತು, ನೋಡುವವರಲ್ಲಿ ಇಬ್ಬರಿಗೆ ಕಲಿಸಿಯೂ ಕೊಟ್ಟರು. ಆದರೂ ಭಾನುವಾರ ಹೊರಡಲಿಲ್ಲ. ಕಡೆಗೆ ಷರತ್ತು ಹೇಳಿದರು. ಅವರು ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಮತ್ತು ಕಾರು ನಿಂತಾಗಲೆಲ್ಲ ಕೀಲಿ ಅವರ ಕೈಯಲ್ಲಿರಬೇಕು.

ಈಗ ಎಂಜಿನ್ ನಿಂತ ಕೂಡಲೇ ಎಡಗಡೆಯಿಂದ ಒಂದು ಅಂಗೈ ಚಾಚುತ್ತದೆ. ಕೀಲಿ ಅಡಿಕೆ ಎಲೆಯ ಸಂಚಿಯೊಳಗೆ ಹೋಗುತ್ತದೆ. ದುಬಲಗುಂಡಿಯಿಂದ ಯಾವಾಗ ಹೊರಡಬೇಕೆಂಬುದನ್ನು ಮೊದಲು ನಾನು ಹೇಳುತ್ತಿದ್ದೆ, ಹೊತ್ತಾಯಿತು, ನಾಳೆ ಕೆಲಸವಿದೆ ಎಂದು. ಈಗ ನಾನು ಭೀಮಬಾಯಿಯವರ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತ ಕಾಯುತ್ತೇನೆ. ಎಮ್ಮೆಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನೂ ಕೇಳಲಾಗುತ್ತಿದೆ. ತಮ್ಮ ಗಾಜಿನ ಪಕ್ಕದ ಸೀಟಿನಲ್ಲಿ ಬಾಳೆಹಣ್ಣಿನ ಚೀಲ ಪ್ರಯಾಣ ಮಾಡುತ್ತದೆ. ಅದು ಈವರೆಗೆ ಹೆದರಿದ ಸೂಚನೆಯಿಲ್ಲ.

ಇನ್ನು ನನ್ನ ಬೇಡಿಕೆಗಳು, ಚಿಕ್ಕವು. ಗಾಜಿನ ಬೆಲೆಯನ್ನು ಹುಮನಾಬಾದಿನ ಜನ ನಂಬಿರುವಂತೆ ಅದರ ಅಳತೆಗೆ ತಕ್ಕಂತೆ ನಿಗದಿ ಮಾಡಬೇಕು. ಆಗದಿದ್ದರೆ ಆ ಚಿಕ್ಕ ಗಾಜಿನ ಮೇಲೆ, ನಾನು ಚಿಕ್ಕವನಾದರೂ ಅಗ್ಗದವನಲ್ಲ ಎಂದು ಕನ್ನಡ, ಉರ್ದು, ಮರಾಠಿಗಳಲ್ಲಿ ದಪ್ಪಕ್ಷರದಲ್ಲಿ ಬರೆಸಬೇಕು. ಅಷ್ಟು ಬರೆಯಲು ಜಾಗ ಸಾಲದಿದ್ದರೆ ಗಾಜನ್ನು ದೊಡ್ಡದು ಮಾಡಬೇಕು. ದೊಡ್ಡದಾದರೆ ಅದನ್ನು ಯಾರೂ ಒಡೆಯುವುದಿಲ್ಲವಾದ್ದರಿಂದ ಬರೆಸುವ ಖರ್ಚು ಉಳಿಯುತ್ತದೆ. ಕಾರಣಗಳ ಸಾಲಿನಲ್ಲಿ ದಯೆಯನ್ನು ಸೇರಿಸಬೇಕು. ಮತ್ತು ತಾವು ಸ್ವತಃ ಮುಂದಿನ ಬೇಸಿಗೆಯಲ್ಲಿ ಹುಮನಾಬಾದಿಗೆ ದಯಮಾಡಿಸಿ, ಬಸ್ ನಿಲ್ದಾಣದ ಎದುರು, ತಮ್ಮದೇ ಕಾರಿನ ಹಿಂದಿನ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಬಾಗಿಲುಗಳನ್ನು ನಾವು ಹಾಕುತ್ತೇವೆ. ಹೊರಗೆ ನಾವೆಲ್ಲ ಇರುತ್ತೇವೆ, ತಮ್ಮ ಒಳಿತನ್ನೇ ಬಯಸುತ್ತ, ಬಾಯಿ ತೆರೆದು ಮುಚ್ಚುತ್ತ. ತಾವು ನಗುತ್ತಿದ್ದರೆ ಆರಾಮವಾಗಿದ್ದೀರಿ ಎಂದು ತಿಳಿಯುತ್ತೇವೆ.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ವಿಶಾಖಾ
ಬಸವಕಲ್ಯಾಣ

ಮರೆತ ಮಾತು: ನಿನ್ನೆ ಪೂನಮ ಅವರು ಗಾಜಿನ ಬಗ್ಗೆ ನಮ್ಮ ಅಭಿಪ್ರಾಯ ಕೇಳಲು ಕರೆ ಮಾಡಿದ್ದರು. ನಾನು ಕಾರು ನಡೆಸುತ್ತಿದ್ದೆನಾದ್ದರಿಂದ ಅತ್ತೆಯವರು ತೆಗೆದುಕೊಂಡರು. ಅವರು ಹಿಂದಿಯಲ್ಲಿ ಕೇಳಿದ್ದಕ್ಕೆ ಇವರು ನಮ್ಮ ಮಾತಿನಲ್ಲೇ ಉತ್ತರ ಕೊಟ್ಟರು: "ಕಾಚ್ ಭಾಳ ಗಟ್ಟಿ ಐತಿ ಬಾಯಿ, ನಿಮ್ಮ ಕಂಪನಿ ಇದ್ದಾಂಗ. ಹೊರಗ ನಿಂತು ಎಷ್ಟ ಒದರಿದ್ರೂ ಒಳಗಿದ್ದವ್ರಿಗೆ ಕೇಳಸಂಗಿಲ್ಲ." ಸೇವೆಯ ಗುಣಮಟ್ಟಕ್ಕಾಗಿ ಈ ಕರೆಯನ್ನು ಧ್ವನಿಮುದ್ರಿಸಿಕೊಳ್ಳಲಾಗುತ್ತಿದೆ ಎಂದು ತಾವೇ ಮೊದಲಿಗೆ ತಿಳಿಸಿದ್ದೀರಿ. ಬಿಡುವಾದಾಗ ಕೇಳಿಸಿಕೊಳ್ಳಬೇಕು.